ಸೊಸೆಯ ಡ್ರಮ್ ಅಂಡ್ ಬೇಸ್, ಬೀಗರ ಒಡಪು

ಶುಕ್ರವಾರ ಸಂಜೆ ನಮ್ಮ ಮನೆಯ ಊಟದ ಟೇಬಲ್ ನಡುಗುತ್ತದೆ. ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ, ಉಪ್ಪಿನಕಾಯಿ ಜಾಡಿಯ ಮುಚ್ಚಳ ಗುಂಯ್ ಎನ್ನುತ್ತದೆ. ವಿದ್ಯಾನಗರದ ಈ ಮನೆಗೆ ಹೊಸದಾಗಿ ಬಂದವರು ಹೊರಗೆ ಲಾರಿ ನಿಂತಿದೆಯೇನೋ ಎಂದು ಕಿಟಕಿಯತ್ತ ಕತ್ತು ಚಾಚುತ್ತಾರೆ. ಲಾರಿಯಲ್ಲ. ನನ್ನ ಸೊಸೆ ಕಾಲೇಜಿನಿಂದ ಬಂದು, ಮುಖ ತೊಳೆದು, ಎರಡು ಕಪ್ಪು ಸ್ಪೀಕರ್‌ಗಳನ್ನು ಟೇಬಲ್ಲಿನ ಮೇಲಿಟ್ಟು, ಆ ವಾರ ರಿಲೀಸ್ ಆದ ಹೊಸ ಡ್ರಮ್ ಅಂಡ್ ಬೇಸ್ ಹಾಕಿದ್ದಾಳೆ ಎಂದು ಅರ್ಥ.

ಇದನ್ನು ಹಾಡು ಎನ್ನಬೇಕೋ ಬೇಡವೋ ನನಗೆ ಇನ್ನೂ ತಿಳಿಯದು. ಹಾಡುವವರು ಇರುವುದು ಅಪರೂಪ. ಡ್ರಮ್ಮಿನ ಪೆಟ್ಟುಗಳು ನಿಮಿಷಕ್ಕೆ ನೂರೆಪ್ಪತ್ತನ್ನೂ ದಾಟಿ ಓಡುತ್ತವೆ. ಅವುಗಳ ಕೆಳಗೆ ಬೇಸ್ ಎಂಬ ಮಂದ್ರ ದನಿ ಮಾತ್ರ ಅದರ ಅರ್ಧ ವೇಗದಲ್ಲಿ, ತನಗೆ ಯಾವ ಬಸ್ಸನ್ನೂ ಹಿಡಿಯಬೇಕಾಗಿಲ್ಲ ಎನ್ನುವ ಹಾಗೆ ಬರುತ್ತದೆ. ಮೊದಲ ಸಲ ಕೇಳಿದಾಗ, "ಇದೇನಮ್ಮ, ಮೊಮ್ಮಕ್ಕಳು ಮುಂದೆ ಓಡ್ತಿದಾರೆ, ಅಜ್ಜಿ ಹಿಂದೆ ನಿಧಾನಕ್ಕೆ ಬರ್ತಿದಾಳೆ?" ಎಂದು ಕೇಳಿದೆ. ಸೊಸೆ ಹಾಡು ನಿಲ್ಲಿಸಿ ನನ್ನನ್ನೇ ನೋಡಿದಳು. "ಅತ್ತೆ, ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ ನಂಗೆ. ಬನ್ನಿ, ಕೂತ್ಕೊಳ್ಳಿ." ಅಂದಿನಿಂದ ಶುಕ್ರವಾರ ಸಂಜೆ ಆ ಕುರ್ಚಿ ನನ್ನದು. ನನ್ನ ಮಗ ಇದಕ್ಕೆ "ನಿಮ್ಮಿಬ್ರ ಸತ್ಸಂಗ" ಎಂದು ಹೆಸರಿಟ್ಟು, ಚಪ್ಪಲಿ ಮೆಟ್ಟಿ ವಾಕಿಂಗ್ ಹೋಗಿಬಿಡುತ್ತಾನೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಒಂದು ಪಿಯಾನೋ ಇತ್ತು. ಮಳೆಗಾಲದಲ್ಲಿ ಅದರ ಕೆಲವು ಕೀಗಳು ಉಬ್ಬಿಕೊಂಡು ಒತ್ತಿದರೆ ಮೇಲೇಳುತ್ತಿರಲಿಲ್ಲ. ಕಲಿಸುತ್ತಿದ್ದ ಸಿಸ್ಟರ್ ನನ್ನ ಬಲಗೈ ಕಡೆ ನೋಡುತ್ತಲೇ ಇರಲಿಲ್ಲ. "ಲಿಸನ್ ಟು ಯುವರ್ ಲೆಫ್ಟ್ ಹ್ಯಾಂಡ್, ಚೈಲ್ಡ್. ಬಲಗೈ ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತದೆ" ಎನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ಪಿಯಾನೋ ಮುಟ್ಟಲಿಲ್ಲ. ಯಾರೂ ಬೇಡ ಎನ್ನಲಿಲ್ಲ, ಮನೆಯಲ್ಲಿ ಇರಲಿಲ್ಲ, ಅಷ್ಟೆ. ಆದರೆ ಎಡಗೈಯ ಕೆಳಸ್ವರಗಳನ್ನು ಕೇಳಿಸಿಕೊಳ್ಳುವ ಅಭ್ಯಾಸ ಹೋಗಲಿಲ್ಲ. ಈಗಂತೂ ವಯಸ್ಸಿನಿಂದ ಮೇಲಿನ ಸದ್ದುಗಳೆಲ್ಲ ನನ್ನ ಕಿವಿಯಿಂದ ಒಂದೊಂದಾಗಿ ಜಾರಿಹೋಗಿವೆ. ಫೋನಿನ ಅಲಾರಂ ಕೇಳಿಸುವುದಿಲ್ಲ. ಸೊಸೆಯ ಸಂಗೀತದಲ್ಲಿ ಚಿಸ್ ಚಿಸ್ ಎನ್ನುವ ಹೈ-ಹ್ಯಾಟ್ ಎಂಬುದೊಂದು ಇದೆಯಂತೆ. ಅದು ನನ್ನ ಪಾಲಿಗೆ ಇಲ್ಲ. ಬೇಸ್ ಮಾತ್ರ ಹದಿನಾರರ ವಯಸ್ಸಿನಲ್ಲಿ ಕೇಳಿಸಿದ ಹಾಗೆಯೇ ಕೇಳಿಸುತ್ತದೆ. ಅದು ಅಪಸ್ವರವಾದರೆ ನನಗೆ ಹಲ್ಲುನೋವು ಬಂದ ಹಾಗಾಗುತ್ತದೆ. ಅದಕ್ಕೇ ನಾನು ಸೊಸೆಗೆ ಉಪಯೋಗದವಳು.

ನಾವು ಕೇಳುವುದು ಹೆಸರಾದವರನ್ನಲ್ಲ. ಹೆಸರಾದವರನ್ನು ಕೇಳಲು ಬೇಕಾದಷ್ಟು ಜನ ಇದ್ದಾರೆ, ನಾವು ಅಂಡರ್‌ಗ್ರೌಂಡ್ ಕಡೆಯವರು ಎಂಬುದು ಸೊಸೆಯ ವಾದ. ಹಗಲು ಎಲ್ಲೋ ಕೆಲಸ ಮಾಡಿ, ಸಂಜೆ ತಮ್ಮ ಕೋಣೆಯಲ್ಲಿ ಕೂತು ಇದನ್ನು ಕಟ್ಟುವವರು. ನ್ಯೂಜಿಲೆಂಡಿನ ಒಬ್ಬ ಹಾಲಿನ ಡೈರಿಯಲ್ಲಿ ದುಡಿಯುತ್ತಾನಂತೆ. ಹಾಲು ಕರೆಯುವ ಯಂತ್ರದ ಉಸಿರಾಟವನ್ನೇ ತಾಳ ಮಾಡಿದ್ದ. ಅದನ್ನು ಕೇಳುವಾಗ ನನ್ನ ಮೈ ತನ್ನಷ್ಟಕ್ಕೆ ತೂಗತೊಡಗಿತು. ಚೆಕ್ ದೇಶದ ಅಣ್ಣತಮ್ಮಂದಿರಿಬ್ಬರು ಎಷ್ಟು ಸಿಟ್ಟಿನಲ್ಲಿ ಬಾರಿಸಿದ್ದರೆಂದರೆ, "ಇವ್ರಿಗೆ ಯಾರಾದ್ರೂ ಮೊದ್ಲು ಊಟ ಹಾಕ್ರಪ್ಪ" ಎಂದೆ. ಬ್ರೆಜಿಲಿನ ಒಬ್ಬಳು ನರ್ಸ್. ಅವಳ ಬೇಸ್ ಹಾವಿನ ಹಾಗೆ ಹೊರಳುತ್ತಿತ್ತು, ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಿರಲಿಲ್ಲ. ಇಂಗ್ಲೆಂಡಿನ ಇನ್ನೊಬ್ಬಳು ಶುರುವಿನಲ್ಲಿ ಪಿಯಾನೋ ಇಟ್ಟು, ಒಂದು ಕಡೆ ಸ್ವರ ತಪ್ಪಾಗಿ ನುಡಿಸಿ, ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಳು. ನಾನು ಅದನ್ನು ಮತ್ತೆ ಮತ್ತೆ ಹಾಕಿಸಿದೆ. ಸೊಸೆ ಅವಳಿಗೆ ಮೆಸೇಜ್ ಬರೆದಳು: ನಮ್ಮತ್ತೆಗೆ ನಿಮ್ಮ ತಪ್ಪು ಇಷ್ಟವಾಯಿತು. ನಿಮ್ಮತ್ತೆಗೆ ಥ್ಯಾಂಕ್ಸ್ ಹೇಳಿ, ಅದನ್ನು ಗಮನಿಸಿದವರು ಅವರೊಬ್ಬರೇ ಎಂದು ಉತ್ತರ ಬಂತು. ಐ ವಾಸ್ ಸೋ ಪ್ಲೀಸ್ಡ್, ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದೆ.

ಬೇರೆಯವರದನ್ನು ಕೇಳುವ ಸೊಸೆ ತಾನೂ ಮಾಡುತ್ತಾಳೆ. ನಲವತ್ತು ದಾಟಿದ ಹೆಂಗಸು, ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ಆ ಹುಡುಗರಿಗೆ ಇದರ ಸುಳಿವೂ ಇಲ್ಲ. ಅವಳು ಸಂಗೀತಕ್ಕೆ ಇಟ್ಟುಕೊಂಡಿರುವುದು ಬೇರೆ ಹೆಸರು. ನಾಲ್ಕು ಹಾಡುಗಳನ್ನು, ಇಂಥವನ್ನು ಹೊರತರುವ ಇಂಗ್ಲೆಂಡಿನ ಒಂದು ಲೇಬಲ್‌ಗೆ ಕಳಿಸಿದ್ದಳು. ಲೇಬಲ್ ಎಂದರೆ ದೊಡ್ಡ ಕಂಪನಿಯಲ್ಲ. ಗಂಡ ಹೆಂಡತಿ ಇಬ್ಬರು ತಮ್ಮ ಮನೆ ಹಿಂದಿನ ಶೆಡ್ಡಿನಿಂದ ನಡೆಸುವಂಥದ್ದು. ನಾಲ್ಕನ್ನೂ ಹಾಕುತ್ತೇವೆ, ಇಂಥ ಶುಕ್ರವಾರ ರಿಲೀಸ್, ಎಲ್ಲಕ್ಕಿಂತ ಮೊದಲು ಆ ಮನುಷ್ಯ ಕೂಗುವ ಹಾಡು ಇರಲಿ ಎಂದು ಅವರಿಂದ ಮೇಲ್ ಬಂತು.

ಆ ಕೂಗುವ ಮನುಷ್ಯ ನನ್ನ ಬೀಗರು. ಸೊಸೆಯ ತಂದೆ.

ನಮ್ಮ ಕಡೆ ವೀರಭದ್ರ ಮನೆದೇವರಾದವರು ಮದುವೆಗೆ ಮುಂಚೆ ಗುಗ್ಗಳ ಮಾಡುತ್ತಾರೆ. ಧೂಪದ ಬೆಂಕಿಯ ಕೊಡ ಹೊತ್ತು, ವೀರಗಾಸೆಯವರನ್ನು ಮುಂದೆ ಮಾಡಿಕೊಂಡು, ಗುಡಿಯವರೆಗೆ ಮೆರವಣಿಗೆ. ದಾರಿಯಲ್ಲಿ ಅಲ್ಲಲ್ಲಿ ನಿಂತು ಒಬ್ಬರು ಕತ್ತಿ ಎತ್ತಿ, ವೀರಭದ್ರ ಹುಟ್ಟಿದ್ದನ್ನೂ ದಕ್ಷನ ಯಾಗ ಕೆಡಿಸಿ ಅವನ ತಲೆ ಹಾರಿಸಿದ್ದನ್ನೂ ಏರುದನಿಯಲ್ಲಿ ಒಪ್ಪಿಸುತ್ತಾರೆ. ಅದೇ ಒಡಪು. ಕೊನೆಯ ಮಾತಿಗೆ ಕತ್ತಿ ಕೆಳಗಿಳಿದ ಕ್ಷಣ ವಾದ್ಯಗಳು ಸಿಡಿಯುತ್ತವೆ. ಭದ್ರಾವತಿಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದ ನಮ್ಮ ಬೀಗರು ಒಡಪಿಗೆ ಹೆಸರಾದವರು. ಮಗಳ ಮದುವೆಯ ಗುಗ್ಗಳದಲ್ಲಾದರೂ ಸುಮ್ಮನೆ ಹೆಣ್ಣಿನ ತಂದೆಯಾಗಿ ಕೈಕಟ್ಟಿ ನಿಂತಿರಬಹುದಿತ್ತು. ಇರಲಿಲ್ಲ. ಹೇಳುತ್ತಿದ್ದವನ ಕೈಯಿಂದ ಕತ್ತಿ ಕಿತ್ತುಕೊಂಡು ತಾವೇ ಶುರು ಮಾಡಿದರು. ನಾನು ರೇಷ್ಮೆ ಸೀರೆಯಲ್ಲಿ ಬೆವರುತ್ತಾ, ಓ ಡಿಯರ್, ಇವರೇನಾ ನಮ್ಮ ಬೀಗರು ಎಂದು ಗಾಬರಿಯಾಗಿ ನೋಡಿದ್ದೆ. ಅವರ ಪಕ್ಕದಲ್ಲಿ ಸೊಂಟಕ್ಕೆ ಸಂಬಾಳ ಕಟ್ಟಿಕೊಂಡು ಒಬ್ಬರು ನಿಂತಿದ್ದರು. ಸಂಬಾಳವೆಂದರೆ ಕೋಲಿನಿಂದ ಬಾರಿಸುವ ಜೋಡಿ ಚರ್ಮವಾದ್ಯ. ಅವರು ಬೀಗರ ಜೊತೆ ಅದೇ ಫ್ಯಾಕ್ಟರಿಯಲ್ಲಿ, ಅದೇ ಪಾಳಿಯಲ್ಲಿ ದುಡಿದವರು. ಮನೆಯಲ್ಲಿ ತೆಲುಗು ಮಾತಾಡುವವರು. ಸೊಸೆ ಅವರನ್ನು ಮಾಮ ಎನ್ನುತ್ತಿದ್ದಳು. ಅವರು ತೀರಿಕೊಂಡು ಕೆಲವು ವರ್ಷಗಳಾದವು.

ಮದುವೆಯ ವಿಡಿಯೋ ನನ್ನ ಅಲ್ಮೆರಾದಲ್ಲಿತ್ತು. ಅದರಿಂದ ಸೊಸೆ ಬೀಗರ ಒಡಪನ್ನೂ ಆ ಸಂಬಾಳವನ್ನೂ ಎತ್ತಿಕೊಂಡು, ಸಂಬಾಳದ ಪೆಟ್ಟುಗಳನ್ನು ಕತ್ತರಿಸಿ, ಜೋಡಿಸಿ, ಓಡಿಸಿ, ಕೆಳಗೆ ತನ್ನ ಬೇಸ್ ಹಾಕಿದ್ದಳು. ಕೇಳಿದವಳೇ ಮತ್ತೊಮ್ಮೆ ಹಾಕು ಎಂದೆ. ಅಷ್ಟು ಚೆನ್ನಾಗಿತ್ತು.

ಲೇಬಲ್‌ನವರ ಮೇಲ್ ಬಂದ ಸಂಜೆ ಅವಳು ಹೇಳಿದಳು: "ಅತ್ತೆ, ಅಪ್ಪಾಜಿ ಹೂಂ ಅನ್ನದೆ ಇದನ್ನ ನಾನು ರಿಲೀಸ್ ಮಾಡಲ್ಲ. ಬೇರೆ ಮೂರನ್ನ ಮಾಡ್ತೀನಿ. ಇದನ್ನ ಮಾತ್ರ ಅವರನ್ನ ಕೇಳ್ದೆ ಆಗಲ್ಲ."

"ಕೇಳಿದ್ರೆ ಬೇಡ ಅಂತಾರಾ?"

"ಏನಂತಾರೋ ಗೊತ್ತಿಲ್ಲ. ನಾನು ಇಂಥದ್ದು ಮಾಡ್ತೀನಿ ಅಂತಾನೇ ಅವರಿಗೆ ಗೊತ್ತಿಲ್ಲ."

ಮುಂದಿನ ಭಾನುವಾರ ಇಬ್ಬರೂ ಕಾರಿನಲ್ಲಿ ಭದ್ರಾವತಿಗೆ ಹೊರಟೆವು. ಬೀಗರ ಮನೆಯಲ್ಲಿ ಅವರ ಮಗ, ಮಗನ ಹೆಂಡತಿ, ಮಕ್ಕಳು ಎಲ್ಲ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಬೀಗರೇ ಮಂಡಕ್ಕಿಗೆ ಒಗ್ಗರಣೆ ಹಾಕಿ, ಈರುಳ್ಳಿ ಹೆಚ್ಚಿ, ನಮ್ಮ ಮುಂದೆ ತಟ್ಟೆ ಇಟ್ಟರು. "ತಿನ್ನಿ ಅಕ್ಕಾವ್ರೆ, ಕಾನ್ವೆಂಟ್ ಮಂಡಕ್ಕಿ ಅಲ್ಲ ಇದು, ಖಾರ ಇದೆ" ಎಂದರು. ಮದುವೆಯಾದಾಗಿನಿಂದ ಅವರು ನನ್ನ ಕಾನ್ವೆಂಟನ್ನು ಬಿಟ್ಟಿಲ್ಲ.

ಸೊಸೆ ಹೆಡ್‌ಫೋನನ್ನು ಅವರ ತಲೆಗೆ ಹಾಕಿದಳು. ಅವರು ಅದನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು, ಗೋಡೆ ನೋಡುತ್ತ ಕೂತರು. ತುಸು ಹೊತ್ತಿಗೆ ಮುಖ ಅರಳಿತು.

"ಯಾರಿದು, ನಾನಾ?" ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ, ಬೀದಿಗೆಲ್ಲ ಕೇಳುವಂತೆ ಕೂಗಿದರು.

"ನೀವೇ ಅಪ್ಪಾಜಿ."

"ಎಂಥಾ ಗಂಟ್ಲಿತ್ತು ಮಾರಾಯ್ತಿ ನಂಗೆ!"

ಆಮೇಲೆ ಅವರ ಹುಬ್ಬು ಕೂಡಿಕೊಂಡಿತು. ತಲೆ ಸ್ವಲ್ಪ ಓರೆ ಮಾಡಿ ಕೇಳಿದರು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಕೆಳಗೆ ಬಾರಿಸ್ತಿರೋದು ಯಾರು?"

"ಮಾಮನೇ. ಅದೇ ವಿಡಿಯೋದಿಂದ ತಗೊಂಡಿದ್ದು."

"ಒಡಪು ಹೇಳ್ವಾಗ?"

"ಅದು ಮೆತ್ತಗೆ ಇಟ್ಟಿದೀನಿ ಅಪ್ಪಾಜಿ. ಬಿಲ್ಡ್ ಅಪ್ ಅಂತಾರೆ. ಬರ್ತಾ ಬರ್ತಾ ಜೋರಾಗುತ್ತೆ, ನಿಮ್ಮ ಮಾತು ಮುಗಿದ ತಕ್ಷಣ..."

"ಮೆತ್ತಗೋ ಗಟ್ಟಿಗೋ. ಒಡಪು ಹೇಳ್ವಾಗ ಅವ್ನು ಒಂದಿನ ಕೋಲು ಮುಟ್ಟಿಸ್ದೋನಲ್ಲ. ಕೈ ಹೀಗೆ ಎದೆ ಹತ್ರ ಇಟ್ಕೊಂಡು ನನ್ನ ಕತ್ತೀನೇ ನೋಡ್ತಿದ್ದ. ಹೊಸಬ್ರು ಯಾರಾದ್ರೂ ಮಧ್ಯೆ ಟಕ್ ಅನ್ಸಿದ್ರೆ ಅಲ್ಲೇ ಬೈಯ್ಯೋನು, ತೆಲುಗಲ್ಲಿ. ಅಂಥೋನ ಕೈಲಿ ಸತ್ತ ಮೇಲೆ ತಪ್ಪು ಮಾಡ್ಸಿದೀಯಲ್ಲೆ ಮಗಳೆ."

ಸೊಸೆಯ ಕಿವಿ ಕೆಂಪಾಗಿತ್ತು. ನಾನು ಮಧ್ಯೆ ಬಾಯಿ ಹಾಕಿದೆ. ಇದು ಬೇರೆ ತರಹದ ಕಲೆ, ಇಟ್ ಈಸ್ ಎ ಕೈಂಡ್ ಆಫ್ ಕೊಲಾಜ್, ತುಣುಕುಗಳನ್ನು ಅಂಟಿಸುವುದು ಎಂದೆಲ್ಲ ಹೇಳಿದೆ. ಬೀಗರು ಮರ್ಯಾದೆಯಿಂದ ಕೇಳಿದರು.

"ಅಂಟಿಸ್ಲಿ ಅಕ್ಕಾವ್ರೆ, ನಾನ್ ಬೇಡ ಅಂದ್ನಾ? ನನ್ನ ಗಂಟ್ಲು ಹ್ಯಾಗೆ ಬೇಕಾದ್ರೂ ಕತ್ತರಿಸ್ಲಿ. ಅವ್ನ ಕೈ ಹಂಗೆ ಆಡ್ಸೋದು ಬೇಡ. ಅವ್ನು ಬಂದು ಇಲ್ಲ ಅನ್ನಕ್ಕಾಗಲ್ಲ, ನಾನು ಅನ್ಬೇಕು."

ಹಿಂದಿರುಗುವಾಗ ಸೊಸೆಯೇ ಕಾರು ಓಡಿಸಿದಳು. ದಾರಿಯಲ್ಲಿ ಮಲವಗೊಪ್ಪದ ಹತ್ತಿರ ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಗೆ ಹೇಳಿದಳು: "ನಂಗೆ ಗೊತ್ತಿರ್ಬೇಕಿತ್ತು ಅತ್ತೆ. ಹುಟ್ಟಿದಾಗಿಂದ ನೋಡಿದೀನಿ, ಒಡಪಿಗೆ ಎಲ್ಲಾ ನಿಲ್ಲುತ್ತೆ. ಲ್ಯಾಪ್‌ಟಾಪಲ್ಲಿ ಅಪ್ಪಾಜಿ ಒಂದು ಗೆರೆ, ಮಾಮ ಒಂದು ಗೆರೆ. ಒಂದರ ಕೆಳಗೊಂದು. ಅಪ್ಪಾಜಿ ಗೆರೆ ಕೆಳಗೆ ಜಾಗ ಖಾಲಿ ಕಾಣ್ತು, ತುಂಬಿಸ್ಬಿಟ್ಟೆ."

ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಅವಳು ಗೇರ್ ಬದಲಿಸುತ್ತಿದ್ದರಿಂದ ಕೈ ತೆಗೆದೆ.

ಒಂದೆರಡು ದಿನ ಅವಳು ಕಾಲೇಜಿನಿಂದ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂತಳು. ಒಡಪಿನ ಕೆಳಗಿದ್ದ ಸಂಬಾಳ ಪೂರ್ತಿ ತೆಗೆದಳು, ಬೇಸ್ ತೆಗೆದಳು. ಬೀಗರ ದನಿಯೊಂದೇ ಉಳಿಯಿತು, ಅದರ ಸುತ್ತ ಮದುವೆಮನೆ ಬೀದಿಯ ಗುಜುಗುಜು. ಹಾಡು ಮುಗಿದ ಮೇಲೆ ಕಾರಿನಲ್ಲಿ ಹಾಕಿ ಕೇಳಬೇಕು ಎಂಬುದು ಇಂಥ ಹಾಡು ಕಟ್ಟುವವರ ಪದ್ಧತಿ. ಕಾರಿನಲ್ಲಿ ಚೆನ್ನಾಗಿ ಕೇಳಿದರೆ ಎಲ್ಲಿಯೂ ಚೆನ್ನಾಗಿ ಕೇಳುತ್ತದಂತೆ. ಸಂಜೆ ಬೆಳಕಿರುವಾಗ ರಾಗಿಗುಡ್ಡದ ಕಡೆ ಹೋಗಿ, ಜನ ಕಡಿಮೆಯಿರುವ ಕಡೆ ಕಾರು ನಿಲ್ಲಿಸಿ, ಗಾಜು ಏರಿಸಿ ಹಾಕಿದಳು. ಯಾವ ವಾದ್ಯವೂ ಇಲ್ಲದೆ ಆ ದನಿ ಒಂದೇ ಏರುತ್ತ ಹೋಯಿತು. ಇನ್ನೇನು, ಇನ್ನೇನು ಎಂದು ನಾನು ಸೀಟ್ ಬೆಲ್ಟ್ ಹಿಡಿದುಕೊಂಡಿದ್ದೆ. ಕೊನೆಯ ಮಾತು ಬಿದ್ದದ್ದೇ ಸಂಬಾಳ ಸಿಡಿದು, ಬೇಸ್ ಬಂದು ನನ್ನ ಬೆನ್ನಿಗೆ ಗುದ್ದಿತು. ನನ್ನ ತೋಳಿನ ಮೇಲೆ ರೋಮ ಎದ್ದು ನಿಂತದ್ದನ್ನು ಸೊಸೆಗೆ ತೋರಿಸಿದೆ. ಅವಳು ಸ್ಟಿಯರಿಂಗಿಗೆ ಹಣೆಯಿಟ್ಟು ನಕ್ಕಳು.

ಹೊಸದಾಗಿ ಕಳಿಸಿದ್ದನ್ನು ಕೇಳಿ ಲೇಬಲ್‌ನವರು ನಗಲಿಲ್ಲ. ಅವರ ಮೇಲನ್ನು ಸೊಸೆ ನನಗೆ ಓದಿ ಹೇಳಿದಳು. ಬ್ಯೂಟಿಫುಲ್ ಎಂದು ಶುರುವಾಗಿತ್ತು, ಆದ್ದರಿಂದ ಮುಂದೆ ಬಟ್ ಇದೆ ಎಂದು ನನಗೆ ಗೊತ್ತಾಯಿತು. ಕುಣಿಯಲು ಬಂದವರು ಕತ್ತಲೆಯಲ್ಲಿ ಇಷ್ಟು ಹೊತ್ತು ಸುಮ್ಮನೆ ನಿಲ್ಲುವುದಿಲ್ಲ, ಹಾಡು ಹಾಕುವ ಡಿಜೆ ಮಧ್ಯದಲ್ಲೇ ಬೇರೆಯದಕ್ಕೆ ಹಾರಿಬಿಡುತ್ತಾನೆ. ಆ ಮನುಷ್ಯನ ಮಾತನ್ನು ಚಿಕ್ಕದು ಮಾಡಿದರೆ ಖಂಡಿತ ಹಾಕುತ್ತೇವೆ, ಇಲ್ಲದಿದ್ದರೆ ಇದೊಂದನ್ನು ಬಿಟ್ಟು ಉಳಿದವನ್ನು ಹಾಕೋಣ. ಮುಂದಿನ ಸೋಮವಾರದೊಳಗೆ ಹೇಳಿ. ಕೈಂಡ್ಲಿ ಬರೆದಿದ್ದರು, ಅವರದೇನೂ ತಪ್ಪಿರಲಿಲ್ಲ.

"ಅರ್ಧಕ್ಕೆ ನಿಲ್ಲಿಸಿದ್ರೆ?" ಎಂದೆ.

"ಮಾಡಿ ನೋಡಿದೆ. ಅರ್ಧಕ್ಕೆ ನಿಲ್ಲಿಸಿದ್ರೆ ದಕ್ಷ ಬದುಕಿಬಿಡ್ತಾನೆ ಅತ್ತೆ. ಅವನ ತಲೆ ಬೀಳೋದೇ ಕೊನೇಲಿ."

"ಮೊದಲರ್ಧ ತೆಗೆದ್ರೆ?"

"ವೀರಭದ್ರ ಹುಟ್ಟೋದೇ ಇಲ್ಲ."

ಇಬ್ಬರಿಗೂ ನಗು ಬಂತು, ಆದರೆ ಅವಳ ನಗು ಬೇಗ ನಿಂತಿತು. ಎಲ್ಲದಕ್ಕಿಂತ ಮೊದಲು ಇರಬೇಕಾಗಿದ್ದದ್ದು ಅದು. ಉಳಿದ ಮೂರೂ ಒಳ್ಳೆಯವೇ, ಆದರೆ ಅವನ್ನು ನ್ಯೂಜಿಲೆಂಡಿನವನೂ ಮಾಡಬಹುದಿತ್ತು. ಇದನ್ನು ಬೇರೆ ಯಾರೂ ಮಾಡಲಾರರು. ಮನೆಯ ಕೆಲಸ ಮಾಡಿಕೊಂಡು, ಉತ್ತರಪತ್ರಿಕೆ ತಿದ್ದಿಕೊಂಡು ಶನಿವಾರದವರೆಗೆ ಕಳೆದಳು. ನನ್ನ ಕೈಲಿ ನೋಡಲಾಗಲಿಲ್ಲ. "ನಿಮ್ಮಪ್ಪನಿಗೆ ಫೋನ್ ಮಾಡಿ, ಅದನ್ನ ಕೈಬಿಟ್ಟೆ ಅಂತಾದ್ರೂ ಹೇಳು. ಅವರು ಏನು ತೀರ್ಮಾನ ಆಯ್ತೋ ಅಂತ ಕಾಯ್ತಿರ್ತಾರಲ್ವಾ?" ಎಂದೆ.

ಅವಳು ಫೋನನ್ನು ಸ್ಪೀಕರಿನಲ್ಲಿಟ್ಟು ಟೇಬಲ್ಲಿನ ಮೇಲಿಟ್ಟಳು.

"ಅಪ್ಪಾಜಿ, ನೀವ್ ಹೇಳಿದ್ಹಾಗೆ ಒಡಪಿನ ಕೆಳಗಿಂದು ತೆಗೆದೆ."

"ಒಳ್ಳೇದಾಯ್ತು."

"ಅದನ್ನ ಈಗ ಹೊರಗೆ ತರ್ತಾ ಇಲ್ಲ. ಉಳಿದ ಮೂರು ಸಾಕು ಅಂತ."

ಆ ಕಡೆ ಟಿವಿಯ ಸದ್ದು ನಿಂತಿತು. ಬೀಗರು ಅದನ್ನು ಆರಿಸಿರಬೇಕು. "ಯಾಕೆ? ನಂದು ಚೆನ್ನಾಗಿಲ್ವಂತಾ?"

"ಹಂಗಲ್ಲ. ಉದ್ದ ಆಯ್ತಂತೆ. ಅಷ್ಟು ಹೊತ್ತು ವಾದ್ಯ ಇಲ್ದೆ ಜನ ನಿಲ್ಲಲ್ಲ ಅಂತಾರೆ."

"ಅಷ್ಟೇನಾ?" ಎಂದರು ಬೀಗರು. "ಅದಕ್ಕೆ ಕೈಬಿಡೋದ್ಯಾಕೆ? ಬಸ್ಸಿಂದು ಹೇಳಿದ್ರಾಯ್ತು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಬಸ್ಸಿಂದಾ?"

"ಗುಗ್ಗಳ ದೊಡ್ಡ ರಸ್ತೆ ದಾಟ್ವಾಗ ಹಿಂದೆ ಬಸ್ಸು ಬಂದು ನಿಲ್ಲಲ್ವಾ? ಆಗ ಉದ್ದಂದು ಹೇಳ್ತಾ ನಿಂತ್ರೆ ಆಗುತ್ತಾ? ಡ್ರೈವರ್ ಹಾರ್ನ್ ಮೇಲೆ ಕೈ ಇಟ್ಟೋನು ತೆಗೆಯಲ್ಲ. ವೀರಭದ್ರ ಬೇಕಾದ್ರೆ ಕಾಯ್ತಾನೆ, ಬಸ್ಸಿನೋರು ಕಾಯಲ್ಲ. ಅದಕ್ಕೊಂದು ಚಿಕ್ಕದು ಮಾಡ್ಕೊಂಡಿದ್ವಿ. ಹುಟ್ಟೋದು, ಬರೋದು, ತಲೆ ಬೀಳೋದು, ಎಲ್ಲಾ ಇರುತ್ತೆ ಅದ್ರಲ್ಲಿ. ಬೇಗ ಮುಗೀತದೆ. ನಿಮ್ಮ ಮಾಮನೇ ಕಟ್ಟಿದ್ದು, ಅವ್ನಿಗೆ ಕೋಲು ಹಿಡ್ಕೊಂಡು ಕಾದು ಕಾದು ಸಾಕಾಗಿ."

"ಅಪ್ಪಾಜಿ, ನಾನು ಕೇಳೇ ಇಲ್ವಲ್ಲ ಅದನ್ನ!"

"ನೀನು ಹೆಂಗಸ್ರ ಜೊತೆ ಹಿಂದೆ ಕೊಡದ ಹತ್ರ ಇರ್ತಿದ್ದೆ. ನಿಂಗೆಲ್ಲಿ ಕೇಳ್ಬೇಕು, ಹಾರ್ನ್ ಸದ್ದಲ್ಲಿ? ನಾಳೆ ಬಾ. ಅಕ್ಕಾವ್ರನ್ನೂ ಕರ್ಕೊಂಡ್ ಬಾ."

ಮಾರನೆಯ ಬೆಳಿಗ್ಗೆ ನಾವು ತಲುಪುವಷ್ಟರಲ್ಲಿ ಬೀಗರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿ ನಡುಮನೆಯಲ್ಲಿ ನಿಂತಿದ್ದರು. ಮನೆಯವರನ್ನೆಲ್ಲ ಹಿತ್ತಲಿಗೆ ಕಳಿಸಿದ್ದರು. ಸೊಸೆ ಫ್ಯಾನ್ ಆರಿಸಿದಳು, ಫ್ರಿಜ್ ಆರಿಸಿದಳು, ಸ್ಟ್ಯಾಂಡಿಗೆ ಮೈಕ್ ಸಿಕ್ಕಿಸಿದಳು. ಪಕ್ಕದ ಮನೆಯ ಕುಕ್ಕರ್ ಕೂಗು ಮುಗಿಯುವವರೆಗೆ ಎಲ್ಲರೂ ಕಾದೆವು. ಕತ್ತಿ ವೀರಗಾಸೆ ಮೇಳದವರ ಹತ್ತಿರ ಇತ್ತು. ಬೀಗರು ಬಾಗಿಲ ಹಿಂದಿನಿಂದ ಕೊಡೆ ತಂದು ಮಡಿಸಿ ಹಿಡಿದರು. ನಗಬಾರದೆಂದು ನಾನು ಸೆರಗು ಸರಿಮಾಡಿಕೊಂಡೆ.

ಹೇಳತೊಡಗಿದರು. ಮದುವೆಯ ವಿಡಿಯೋದ ದನಿ ಅದಲ್ಲ. ಮೇಲೇರುವಾಗ ಸೀಳಿತು, ಉಸಿರು ನಡುವೆ ಕಡಿದುಹೋಯಿತು. ಅವರಿಗೂ ಗೊತ್ತಾಗಿ ನಿಲ್ಲಿಸಿದರು.

"ಹಳೇದು ಇದ್ರೆ ಅದನ್ನೇ ಹಾಕೆ ಮಗಳೆ. ಇದು ಯಾರೋ ಮುದುಕ."

"ಚಿಕ್ಕದು ಅದ್ರಲ್ಲಿ ಇಲ್ವಲ್ಲ ಅಪ್ಪಾಜಿ. ಮುದುಕರೇ ಹೇಳ್ಲಿ."

"ಸುಮ್ನೆ ಗೋಡೆ ನೋಡ್ಕೊಂಡ್ ಹೇಳಕ್ಕೆ ಬರಲ್ಲ ನಂಗೆ. ಹೇಳಿ ಮುಗಿಸಿದ್ ಮೇಲೆ ಅವ್ನು ಬಾರಿಸ್ತಾನೆ ಅನ್ನೋದಿದ್ರೆ ಬರುತ್ತೆ."

ಸೊಸೆ ಸ್ವಲ್ಪ ಯೋಚಿಸಿದಳು. ಕಾರಿನಿಂದ ಸ್ಪೀಕರ್ ತಂದಿಟ್ಟಳು. ವಿಡಿಯೋದಿಂದ ತೆಗೆದ ಸಂಬಾಳವನ್ನು, ತಾನು ಕತ್ತರಿಸುವ ಮೊದಲು ಹೇಗಿತ್ತೋ ಹಾಗೆಯೇ, ಒಂದು ಕೀ ಒತ್ತಿದರೆ ಬರುವಂತೆ ಮಾಡಿಕೊಂಡಳು. "ಕೊಡೆ ಕೆಳಗೆ ಬಂದ ತಕ್ಷಣ ಒತ್ತುತೀನಿ. ಹೇಳಿ ಅಪ್ಪಾಜಿ."

ಬೀಗರು ಕೊಡೆ ಎತ್ತಿದರು.

"ಜಡೆಯಿಂದ ಹುಟ್ಟಿದ, ಕಿಡಿಯಾಗಿ ಎದ್ದ, ಯಾಗದ ಬಾಗಿಲ ಒದ್ದ! ದಕ್ಷನ ತಲೆ ಬಿತ್ತು, ದಾರಿ ಬಿಡಿ!"

ಕೊಡೆ ಇಳಿಯಿತು. ಸೊಸೆ ಲ್ಯಾಪ್‌ಟಾಪ್ ನೋಡಿ ಕೀ ಒತ್ತಿದಳು, ಸಂಬಾಳ ಬಂತು.

"ತಡ" ಎಂದರು ಬೀಗರು. "ಅವ್ನು ಇಷ್ಟು ತಡ ಮಾಡ್ತಿದ್ನಾ? ನೀನು ಆ ಡಬ್ಬ ನೋಡ್ತಿದೀಯ. ನನ್ನ ನೋಡು."

ಸೊಸೆ ಬೆರಳನ್ನು ಕೀ ಮೇಲೆ ಇಟ್ಟುಕೊಂಡು, ಕತ್ತೆತ್ತಿ, ಅವರ ಕೈಯನ್ನೇ ನೋಡುತ್ತ ನಿಂತಳು. ಅವರು ಮತ್ತೆ ಹೇಳಿದರು. ಈ ಸಲ ದನಿ ಸೀಳಿದ ಕಡೆ ನಿಲ್ಲಲಿಲ್ಲ, ಆ ಸೀಳನ್ನೇ ಹಿಡಿದುಕೊಂಡು ಮೇಲೆ ಹೋದರು. ಕೊಡೆ ಕೆಳಗೆ ಬಂತು, ಅದೇ ಉಸಿರಿನಲ್ಲಿ ಸಂಬಾಳ ಸಿಡಿಯಿತು. ಶೋಕೇಸಿನ ಗಾಜು ಝಣ್ ಎಂದಿತು.

"ಹಾಂ" ಎಂದರು ಬೀಗರು. "ಈಗ ಬಂದ."

ಸಂಬಾಳ ಬಾರಿಸಿಕೊಂಡೇ ಹೋಯಿತು. ಸೊಸೆ ನಿಲ್ಲಿಸಲು ಹೋಗಲಿಲ್ಲ. ಅವರು ಕೊಡೆಯನ್ನು ಎರಡು ಕೈಯಲ್ಲಿ ಹಿಡಿದು, ಅಲುಗಾಡದೆ, ಪಕ್ಕದಲ್ಲಿ ಯಾರೋ ನಿಂತಿರುವಂತೆ ಸ್ವಲ್ಪ ಜಾಗ ಬಿಟ್ಟು ನಿಂತು ಕೇಳಿದರು. ಮುಗಿದ ಮೇಲೆ ಕೂತು ನೀರು ಕೇಳಿದರು. ನೀರು ತರುವ ನೆಪದಲ್ಲಿ ನಾನು ಅಡುಗೆಮನೆಗೆ ಹೋಗಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲಿದ್ದೆ.

ನಾನು ಹಿಂದಿರುಗುವಾಗ ಸೊಸೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಹೊಸ ಒಡಪನ್ನು ಅದರ ಜಾಗದಲ್ಲಿ ಕೂರಿಸುತ್ತಿದ್ದಳು. ಹಿತ್ತಲಿನಿಂದ ಮನೆಯವರೆಲ್ಲ ಒಳಗೆ ಬಂದು, ಕಾಫಿಯಾಗಿ, ತಿಂಡಿಯಾಯಿತು. ಆಮೇಲೆ ಅವಳು ಹೆಡ್‌ಫೋನನ್ನು ತಂದೆಗೆ ಕೊಟ್ಟಳು. ಅವರು ಮೊದಲಿನಿಂದ ಕೊನೆಯವರೆಗೆ, ಓಡುವ ಡ್ರಮ್ಮನ್ನೂ ಬೇಸನ್ನೂ ಎಲ್ಲವನ್ನೂ ಕೇಳಿದರು. ಸೊಸೆಯ ಉಗುರು ಬಾಯಿಗೆ ಹೋಗಿತ್ತು.

"ಅವ್ನ ಹೆಸ್ರು ಹಾಕ್ತೀಯಾ?"

"ಹಾಕ್ತೀನಿ ಅಪ್ಪಾಜಿ. ಇಬ್ಬರದ್ದೂ."

"ಅವ್ನದು ಮೊದ್ಲು. ಕಟ್ಟಿದ್ದೂ ಅವ್ನೇ, ಬಾರಿಸಿದ್ದೂ ಅವ್ನೇ." ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತ ಕೇಳಿದರು, "ಇದನ್ನ ಅಲ್ಲಿ ಎಲ್ಲಿ ಹಾಕ್ತಾರೆ?"

"ಕ್ಲಬ್ ಅಂತ ಇರುತ್ತೆ. ನೆಲಮಾಳಿಗೆ ಥರ. ಕತ್ತಲೆ ಇರುತ್ತೆ, ಜನ ಕುಣೀತಾರೆ."

"ಕುಡ್ದಿರ್ತಾರಾ?"

ಸೊಸೆ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿಕೊಂಡೆ. ಇದು ನನ್ನ ಇಂಗ್ಲಿಷ್ ಕೆಲಸಕ್ಕೆ ಬರುವ ಜಾಗವಲ್ಲ.

"ಕೆಲವ್ರು ಕುಡ್ದಿರ್ತಾರೆ ಅಪ್ಪಾಜಿ."

"ಮೆರವಣಿಗೇಲಿ ಹಿಂದೆ ಬರೋರೂ ಕೆಲವ್ರು ಹಂಗೇ ಬರ್ತಿದ್ರು ಬಿಡು. ಚಪ್ಪಲಿ?"

"ಚಪ್ಪಲಿ?"

"ಒಡಪು ಕೇಳ್ವಾಗ ಚಪ್ಪಲಿ ಬಿಟ್ಟಿರ್ತಾರಾ ಅಂದೆ."

"ಇಲ್ಲ ಅಪ್ಪಾಜಿ" ಎಂದಳು ಸೊಸೆ. ಅವಳು ಸುಳ್ಳು ಹೇಳಬಹುದಿತ್ತು, ಅಷ್ಟು ದೂರದ ಕತ್ತಲೆಯಲ್ಲಿ ಯಾರ ಕಾಲಲ್ಲಿ ಏನಿದೆ ಎಂದು ಅವರು ನೋಡಲು ಹೋಗುತ್ತಿರಲಿಲ್ಲ. "ಶೂ ಹಾಕ್ಕೊಂಡಿರ್ತಾರೆ."

ಬೀಗರು ರುಮಾಲು ಬಿಚ್ಚಿದರು. ಅದನ್ನು ಕೊಡವಿ, ಮಡಿಕೆ ಮಾಡಿ, ತೊಡೆಯ ಮೇಲಿಟ್ಟು ಕೈಯಿಂದ ನೀವಿದರು. ಸೊಸೆ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದಳು. ಬೇಡವೆಂದರೆ ಅದನ್ನು ಮುಚ್ಚಿ ಎದ್ದುಬಿಡುತ್ತಾಳೆ, ಒಂದು ಮಾತೂ ಆಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಚಳಿ ದೇಶ ಅಲ್ವಾ" ಎಂದರು ಬೀಗರು ಕೊನೆಗೆ. "ಹಾಕ್ಕೊಳ್ಲಿ. ಕಳ್ಸು."